ಕಿಟಕಿಯ ಆಚೆ ನಿಂತು ಮಾತಾಡಿದ ಮೂರು ತಿಂಗಳು

(ದಾವಣಗೆರೆಯಲ್ಲಿ ಬಿ.ಇಡಿ. ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ಮರೆತಿದ್ದ ಒಂದೆರಡು ಸಂಗತಿಗಳು ಬರೆಯುವಾಗ ಸೇರಿಕೊಂಡಿವೆ.)

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ನನ್ನ ಪರಿಚಯ ಮಾಡಿಕೊಟ್ಟ ಹುಡುಗಿ ನನ್ನ ಊರು, ಓದು, ಎಷ್ಟು ವರ್ಷ ಮೇಷ್ಟ್ರಾಗಿದ್ದೆ ಎಲ್ಲವನ್ನೂ ಚೆನ್ನಾಗಿ ಹೇಳಿದಳು. ಆದರೂ ನಿಮ್ಮಲ್ಲಿ ಕೆಲವರಿಗೆ ಅಷ್ಟು ಸಾಲಲಿಲ್ಲ. ನನ್ನ ಹೆಸರು ಕೇಳಿ, ಹಣೆ ನೋಡಿ, 'ಇವರು ಯಾವ ಪೈಕಿ ಇರಬಹುದು' ಅಂತ ಒಂದು ಲೆಕ್ಕ ಹಾಕಿರುತ್ತೀರಿ. ನಗಬೇಡಿ. ಬಯ್ಯೋಕೆ ಹೇಳಿದ್ದಲ್ಲ. ನಿಮ್ಮನ್ನು ನೋಡಿ ನಾನೂ ಅದೇ ಲೆಕ್ಕ ಹಾಕಿದೆ. ಅರವತ್ತು ದಾಟಿದರೂ ಬಿಡದ ಚಟ ಇದು.

ನನ್ನ ಜಾತಿ ಯಾವುದು ಅಂತ ಹೇಳುವುದಿಲ್ಲ. ಹೇಳಿದ ತಕ್ಷಣ ಮುಂದಿನದ್ದೆಲ್ಲ ಆ ಜಾತಿಯವರ ಮಾತು ಅಂತಲೇ ಕೇಳಿಸಿಕೊಳ್ಳುತ್ತೀರಿ. ಊರೊಳಗಿನ ಜಾತಿ ಅಂತ ಇಟ್ಟುಕೊಳ್ಳಿ. ಇಷ್ಟಾದರೂ ಯಾಕೆ ಹೇಳಿದೆ ಅಂದರೆ, ನಾನು ಹೇಳೋ ಕಥೆಗೆ ಅದು ಬೇಕು.

ನನಗೆ ಕೊಟ್ಟ ವಿಷಯ 'ಪೂರ್ವಗ್ರಹ ಮೀರುವುದು ಹೇಗೆ'. ಪೂರ್ವಗ್ರಹ ಅಂದರೆ ಶನಿಗ್ರಹದ ಅಣ್ಣನ ಹೆಸರಿನ ಹಾಗೆ ಕೇಳಿಸುತ್ತದೆ. ಎದುರಿನ ಮನುಷ್ಯ ಬಾಯಿ ಬಿಡೋಕೆ ಮುಂಚೆಯೇ ಅವನ ಬಗ್ಗೆ ತೀರ್ಪು ಬರೆದಿಟ್ಟುಕೊಳ್ಳುವುದು, ಅಷ್ಟೇ ಅದು. ನಮ್ಮ ಕಡೆ ಈ ತೀರ್ಪಿಗೆ ಒಂದು ಪುಟ್ಟ ಪದ ಇದೆ. 'ನಮ್ಮೋರು'. ಹೊಸ ತಹಶೀಲ್ದಾರರು ಬಂದರೆ 'ನಮ್ಮೋರಾ?' ಡಾಕ್ಟರು ಬಂದರೆ 'ನಮ್ಮೋರಾ?' ಬಸ್ಸಿನಲ್ಲಿ ಪಕ್ಕ ಕೂತವರು ಎರಡು ಮಾತು ಜಾಸ್ತಿ ಆಡಿದರೂ, 'ನಮ್ಮೋರಿರಬೇಕು'.

ಬಸವಣ್ಣನವರ ವಚನದಲ್ಲೂ ಇದೇ ಪದ ಇದೆ, 'ಇವ ನಮ್ಮವ' ಅಂತ. ಈ ಊರಿನ ಯಾವ ಮಗುವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಿಬಿಡುತ್ತದೆ. ಅಲ್ಲಿ ಆ ಪದ ಬಾಗಿಲು ತೆಗೆಯುತ್ತದೆ. ಅದೇ ಪದ ಹೇಳಿ ನಾವು ಬಾಗಿಲು ಹಾಕುತ್ತೇವೆ. ಎಂಟುನೂರು ವರ್ಷದ ಮೇಲಾಯಿತು. ಪದ ಹಾಗೇ ಉಳಿದಿದೆ, ಅರ್ಥ ಮಾತ್ರ ಬೆನ್ನು ತಿರುಗಿಸಿ ಕೂತಿದೆ. ಟು ಲೆಟ್ ಬೋರ್ಡ್ ನೋಡಿ ಒಂದು ಫೋನ್ ಮಾಡಿ ಬೇಕಾದರೆ. 'ಏನು ಕೆಲಸ', 'ಎಷ್ಟು ಜನ' ಆದ ಮೇಲೆ ಮೂರನೇ ಪ್ರಶ್ನೆ ಬಂದೇ ಬರುತ್ತದೆ. ಕೆಲವರು 'ಸಸ್ಯಾಹಾರಿಗಳಿಗೆ ಮಾತ್ರ' ಅಂತ ಬೋರ್ಡಿನಲ್ಲೇ ಬರೆದು, ಕೇಳೋ ಕಷ್ಟ ತಪ್ಪಿಸಿಕೊಂಡಿರುತ್ತಾರೆ. ಅಂಥ ಒಂದು ಮನೆಯ ಒಳಗೆ ಗೋಡೆಗೆ ಅದೇ ವಚನವನ್ನು ಫ್ರೇಮ್ ಹಾಕಿಸಿ ತೂಗುಹಾಕಿದ್ದನ್ನು ನೋಡಿದ್ದೇನೆ. ಫ್ರೇಮ್ ಬಹಳ ಚೆನ್ನಾಗಿತ್ತು.

ಇರಲಿ. ಈಗ ಕಥೆ.

ನಿಮಗೆ ದಾವಣಗೆರೆ ಅಂದರೆ ಬೆಣ್ಣೆ ದೋಸೆ, ಕಾಲೇಜು. ನಮ್ಮ ಕಾಲಕ್ಕೆ ಹತ್ತಿ ಮಿಲ್ಲು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ಮಿಲ್ಲಿನ ಸೈರನ್ ಕೂಗಿದರೆ ಓಣಿಯಲ್ಲಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಮಿಲ್ ಕಾರ್ಮಿಕರ ಮುಖಂಡ, ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು ಈ ಊರಿನಿಂದ ಶಾಸಕರಾಗಿದ್ದರು. ಈಗ ಹೇಳಿದರೆ ಹುಡುಗರು ನಂಬುವುದಿಲ್ಲ. ನಮ್ಮಪ್ಪ ಒಂದು ಮಿಲ್ಲಿನ ನೂಲುವ ವಿಭಾಗದಲ್ಲಿದ್ದರು.

ಅಪ್ಪನ ಪಕ್ಕದ ಮಷೀನಿನಲ್ಲಿ ಇನ್ನೊಬ್ಬರಿದ್ದರು. ಊರಾಚೆಯ ದಲಿತ ಕೇರಿಯವರು. ಅಪ್ಪನಿಗಿಂತ ಎರಡು ವರ್ಷ ದೊಡ್ಡವರು. ಅದಕ್ಕೇ ನಾನು ಅವರನ್ನು ದೊಡ್ಡಪ್ಪ ಅನ್ನುತ್ತಿದ್ದೆ. ಸ್ವಂತ ದೊಡ್ಡಪ್ಪನೂ ಇದ್ದುದರಿಂದ ಇವರು 'ಮಿಲ್ ದೊಡ್ಡಪ್ಪ' ಆದರು. ಅವರಿಗೂ ಅಪ್ಪನಿಗೂ ಒಂದೇ ಶಿಫ್ಟ್, ಒಂದೇ ಬೀಡಿ ಕಟ್ಟು, ಒಂದೇ ಯೂನಿಯನ್. ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚಿದರೆ ಇವರ ರೊಟ್ಟಿ ಅವರಿಗೆ, ಅವರ ಪಲ್ಯ ಇವರಿಗೆ.

ಮಿಲ್ಲಿನಲ್ಲಿ ಹೀಗೆ ಕೂತು ಉಣ್ಣೋದು ಸಣ್ಣ ಮಾತಲ್ಲ. 1920ರ ದಶಕದ ಮುಂಬೈ ಮಿಲ್ಲುಗಳಲ್ಲಿ ನೇಯುವ ವಿಭಾಗಕ್ಕೆ ದಲಿತರನ್ನು ಸೇರಿಸುತ್ತಿರಲಿಲ್ಲ. ಕಾರಣ ಏನು ಗೊತ್ತಾ? ಲಾಳಿಯಲ್ಲಿ ನೂಲು ಮುಗಿದಾಗ ಹೊಸ ನೂಲಿನ ತುದಿಯನ್ನು ಬಾಯಿಂದ ಹೀರಿ ಎಳೆಯಬೇಕಿತ್ತು. ಅವರ ಎಂಜಲು ನಮಗೆ ತಾಗುತ್ತದೆ ಅಂತ ಬೇರೆ ಜಾತಿಯ ನೇಕಾರರ ತಕರಾರು. ಆ ವಿಭಾಗದಲ್ಲಿ ಸಂಬಳ ಜಾಸ್ತಿ ಇತ್ತು ಅನ್ನೋದನ್ನೂ ಇದರ ಜತೆಗೇ ನೆನಪಿಟ್ಟುಕೊಳ್ಳಿ. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಅಂಬೇಡ್ಕರ್ ಈ ವಿಷಯ ಎತ್ತಿ, ಇದನ್ನೂ ನಿಮ್ಮ ಬೇಡಿಕೆಗಳಲ್ಲಿ ಸೇರಿಸಿ ಅಂತ ಕಾರ್ಮಿಕ ಮುಖಂಡರ ಜತೆ ವಾದಕ್ಕೆ ನಿಂತರು. ಮಡಿಯ ಸೆರಗು ಎತ್ತಿ ನೋಡಿದರೆ ಬಹಳ ಸಲ ಕೆಳಗೆ ಸಂಬಳದ ಚೀಟಿ ಇರುತ್ತದೆ. ಇದು ನನ್ನ ಅನುಭವದ ಮಾತು.

ಅಪ್ಪ ಮತ್ತು ಮಿಲ್ ದೊಡ್ಡಪ್ಪ ಈ ಎಂಜಲನ್ನು ದಾಟಿದವರು. ಆದರೆ ಮಿಲ್ಲಿನ ಗೇಟಿನೊಳಗೆ ಮಾತ್ರ.

ದುರ್ಗಮ್ಮನ ಜಾತ್ರೆಗೆ, ಹಬ್ಬಕ್ಕೆ ಅವರು ನಮ್ಮ ಮನೆಗೆ ಬರುತ್ತಿದ್ದರು. ಬಂದರೆ ಮುಂದಿನ ಕಟ್ಟೆ ಮೇಲೆ ಕೂರುತ್ತಿದ್ದರು. ಒಳಗೆ ಬರಬೇಡಿ ಅಂತ ಯಾರೂ ಹೇಳಿರಲಿಲ್ಲ. ಬನ್ನಿ ಅಂತಲೂ ಹೇಳಿರಲಿಲ್ಲ. ಅವ್ವ ಅವರಿಗೆ ಹೋಳಿಗೆಯನ್ನು ಮುತ್ತುಗದ ಎಲೆಯಲ್ಲಿ ತಂದುಕೊಡುತ್ತಿದ್ದಳು. ನಮಗೆಲ್ಲ ತಟ್ಟೆ. ಅವರಿಗೆ ಯಾಕೆ ಎಲೆ ಅಂತ ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ. 'ಎಲೆಯಾಗ ತಿಂದ್ರೆ ರುಚಿ ಕಣೋ' ಅಂದಳು. ಬಹಳ ವರ್ಷ ಅದನ್ನು ನಂಬಿದ್ದೆ. ನನಗೂ ಎಲೆ ಬೇಕು ಅಂತ ಒಂದು ಹಬ್ಬದಲ್ಲಿ ಹಟ ಮಾಡಿ ಏಟು ತಿಂದದ್ದೂ ಉಂಟು.

1986ರಲ್ಲಿ ಅಪ್ಪ ಹಾಸಿಗೆ ಹಿಡಿದರು. ಇಪ್ಪತ್ತೈದು ವರ್ಷದ ಹತ್ತಿ ಧೂಳು ಎದೆಯಲ್ಲಿ ಕೂತಿತ್ತು. ನಾಲ್ಕು ಹೆಜ್ಜೆ ನಡೆದರೆ ಉಬ್ಬಸ. ಕಟ್ಟೆಗೆ ಬರೋದು ನಿಂತುಹೋಯಿತು. ಮಿಲ್ ದೊಡ್ಡಪ್ಪ ಶಿಫ್ಟ್ ಮುಗಿಸಿ ದಿನಾ ಬರುತ್ತಿದ್ದರು. ಬಂದು, ಓಣಿ ಕಡೆಯ ಕಿಟಕಿಯ ಸರಳು ಹಿಡಿದು ಹೊರಗೇ ನಿಂತುಕೊಳ್ಳುತ್ತಿದ್ದರು. ಯಾವ ಮಷೀನು ಕೆಟ್ಟಿತು, ಬೋನಸ್ಸಿನ ಮಾತುಕತೆ ಎಲ್ಲಿಗೆ ಬಂತು, ಯಾರ ಮಗಳ ಮದುವೆ ಗೊತ್ತಾಯಿತು, ಎಲ್ಲ ವರದಿ ಆ ಕಿಟಕಿಯಿಂದಲೇ. ಅಪ್ಪ ಮಲಗಿದಲ್ಲಿಂದಲೇ ಹೂಂಗುಟ್ಟುತ್ತಿದ್ದರು. ಮಳೆ ಬಂದರೆ ದೊಡ್ಡಪ್ಪ ತಲೆ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಿಲ್ಲುತ್ತಿದ್ದರು. ಮೂರು ತಿಂಗಳು ಹೀಗೇ ನಡೆಯಿತು. ಆ ಕಿಟಕಿಯಿಂದ ನಮ್ಮ ಬಾಗಿಲಿಗೆ ಎಂಟು ಹೆಜ್ಜೆ.

ನಾನಾಗ ಇಪ್ಪತ್ತೆಂಟು ವರ್ಷದ ಮೇಷ್ಟ್ರು. ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೇ ವಿಧಿಯನ್ನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ಮಕ್ಕಳ ಕೈಲಿ ಹೇಳಿಸಿ, ಸೈಕಲ್ ಹತ್ತಿ ಮನೆಗೆ ಬರುತ್ತಿದ್ದೆ. ಕಿಟಕಿಯಲ್ಲಿ ಅವರು ಇರುತ್ತಿದ್ದರು. 'ಬಂದ್ಯೇನಪ್ಪಾ?' ಅನ್ನುತ್ತಿದ್ದರು. 'ಹೂಂ ದೊಡ್ಡಪ್ಪ' ಅಂದು ನಾನು ಒಳಗೆ ಹೋಗುತ್ತಿದ್ದೆ. 'ಒಳಗೆ ಬನ್ನಿ' ಅನ್ನೋ ಎರಡು ಪದ ಬಾಯಿಗೆ ಬರಲಿಲ್ಲ. ಅವ್ವನಿಗೆ ಬೇಜಾರಾಗುತ್ತದೆ, ಮನೆಯಲ್ಲಿ ಕಾಯಿಲೆ ಇರುವಾಗ ರಗಳೆ ಬೇಡ, ಓಣಿಯವರು ಏನಂತಾರೋ. ಕಾರಣಗಳಿಗೇನು ಬರಗಾಲ?

ಒಂದು ಮಾತು ಗಮನಿಸಿ. ಅವರ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ಚೂರೂ ಕೀಳು ಭಾವನೆ ಇರಲಿಲ್ಲ. ದೇವರಾಣೆ. ನನ್ನ ಮನಸ್ಸು ಶುದ್ಧವಾಗಿತ್ತು. ಅವರು ಮಳೆಯಲ್ಲಿ ನಿಂತಿದ್ದರು.

ಅಪ್ಪ ತೀರಿಕೊಂಡ ದಿನ ದೇಹವನ್ನು ಹೊರಗೆ ತಂದು ಕಟ್ಟೆ ಮೇಲೆ ಇಟ್ಟರು. ಮಿಲ್ ದೊಡ್ಡಪ್ಪ ಬಂದು ಪಕ್ಕದಲ್ಲಿ ಕೂತು ಅಪ್ಪನ ಕೈ ಹಿಡಿದುಕೊಂಡರು. ಯಾರೂ ಏನೂ ಅನ್ನಲಿಲ್ಲ. ಮೂರು ತಿಂಗಳಾದರೂ ಅವರು ಒಳಗೆ ಬಂದಿರಲಿಲ್ಲ. ಕೊನೆಗೆ ಅಪ್ಪನೇ ಹೊರಗೆ ಬಂದರು.

ಪೂರ್ವಗ್ರಹ ಅಂದರೆ ಮನಸ್ಸಿನ ಕೊಳೆ, ಒಳ್ಳೆಯ ಮಾತು ಕೇಳಿ ತೊಳೆದುಕೊಂಡರೆ ಹೋಯಿತು ಅಂತ ಸಭೆಗಳಲ್ಲಿ ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಕಮ್ಮಿ. ಗಾಂಧೀಜಿ 1934ರಲ್ಲಿ ಅಸ್ಪೃಶ್ಯತೆ ವಿರುದ್ಧ ಹರಿಜನ ಪ್ರವಾಸ ಮಾಡುವಾಗ ಈ ದಾವಣಗೆರೆಗೂ ಬಂದಿದ್ದರು. ಅಂಥವರ ಮಾತಿಗೇ ಪೂರ್ತಿ ಕರಗದ್ದು ನನ್ನ ಮಾತಿಗೆ ಕರಗುತ್ತದಾ? ನನಗೆ ಅರ್ಥವಾದದ್ದು ಇಷ್ಟು. ಅದು ಇರೋದು ಆ ಎಂಟು ಹೆಜ್ಜೆಯಲ್ಲಿ. ಯಾರು ಎಲ್ಲಿ ಕೂರುತ್ತಾರೆ, ಯಾರ ಹೆಸರು ಹೇಗೆ ಕೂಗುತ್ತಾರೆ, ಯಾರಿಗೆ ತಟ್ಟೆ, ಯಾರಿಗೆ ಎಲೆ. ಮನಸ್ಸು ಸರಿಹೋಗಲಿ, ಆಮೇಲೆ ಕೈ ತಾನಾಗಿ ಸರಿಹೋಗುತ್ತದೆ ಅಂತ ಕಾಯುತ್ತಾ ಕೂತವನು ನಾನು. ಉಲ್ಟಾ ಮಾಡಬೇಕಿತ್ತು. ಕೈ ಮೊದಲು ಹೋಗಬೇಕು. ಮನಸ್ಸು ಹಿಂದಿನಿಂದ ಕುಂಟುತ್ತಾ ಬರುತ್ತದೆ.

ನೀವು ನಾಳೆ ಮೇಷ್ಟ್ರಾಗುವವರು. ಬೆಂಚು, ಹಾಜರಿ ಪುಸ್ತಕ, ಕೆಂಪು ಪೆನ್ನು, ಮೂರೂ ನಿಮ್ಮ ಕೈಗೆ ಬರುತ್ತವೆ. ಅದಕ್ಕೇ ಮುಂದಿನದನ್ನೂ ಹೇಳಿಬಿಡುತ್ತೇನೆ. ಇದರಲ್ಲೂ ಕಳ್ಳ ನಾನೇ.

ನಮ್ಮ ಊರಿನ ಸಂಜೆ ಮಂಡಕ್ಕಿ-ಮಿರ್ಚಿ ಇಲ್ಲದೆ ಮುಗಿಯುವುದಿಲ್ಲ. ಆ ಮಂಡಕ್ಕಿ ಬರೋದು ಭಟ್ಟಿಗಳಿಂದ. ಕಾದ ಮರಳಿನಲ್ಲಿ ಅಕ್ಕಿ ಹುರಿಯಬೇಕು. ಏಪ್ರಿಲ್ ಮಧ್ಯಾಹ್ನ ಆ ಒಲೆ ಮುಂದೆ ಐದು ನಿಮಿಷ ನಿಂತು ನೋಡಿ, ಗೊತ್ತಾಗುತ್ತದೆ. ಭಟ್ಟಿ ಕೆಲಸದ ಮನೆಯ ಒಬ್ಬ ಹುಡುಗ ನನ್ನ ಒಂಬತ್ತನೇ ಕ್ಲಾಸಿಗೆ ಸೇರಿದ. ಬೆಳಗ್ಗೆ ಕತ್ತಲಲ್ಲೇ ಎದ್ದು ಅಪ್ಪನಿಗೆ ಸಹಾಯ ಮಾಡಿ, ಆಮೇಲೆ ಶಾಲೆಗೆ ಬರುತ್ತಿದ್ದ. ಬಟ್ಟೆಯೆಲ್ಲ ಹೊಗೆ ವಾಸನೆ. ಮುಂದಿನ ಬೆಂಚಿನ ಹುಡುಗರು ಮೂಗು ಮುಚ್ಚಿಕೊಂಡರು. ಗಲಾಟೆ ಬೇಡ ಅಂತ ನಾನು, 'ನೀನು ಹಿಂದೆ ಹೋಗಿ ಕೂತ್ಕೋಪ್ಪ' ಅಂದೆ. ಪ್ರೀತಿಯಿಂದಲೇ ಅಂದೆ. ಮೂಗು ಮುಚ್ಚಿದವರಿಗೆ ಏನೂ ಅನ್ನಲಿಲ್ಲ.

ಅದೇ ತಿಂಗಳು ನಾನು ಅಂಬೇಡ್ಕರ್ ಬಾಲ್ಯದ ಬಗ್ಗೆ ಪಾಠ ಮಾಡಿದ್ದೆ. ಶಾಲೆಯಲ್ಲಿ ಅವರು ಬೇರೆ ಮಕ್ಕಳಿಂದ ದೂರ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು, ಆ ಗೋಣಿತಟ್ಟನ್ನೂ ದಿನಾ ಮನೆಗೆ ಹೊತ್ತುಕೊಂಡು ಹೋಗಿ ತರಬೇಕಿತ್ತು, ಜವಾನ ಬಂದು ಮೇಲಿನಿಂದ ನೀರು ಹೊಯ್ದರೆ ಮಾತ್ರ ಕುಡಿಯಬೇಕಿತ್ತು, ಜವಾನ ಇಲ್ಲದ ದಿನ ನೀರೂ ಇಲ್ಲ. ಹೇಳುವಾಗ ನನ್ನ ಗಂಟಲು ಕಟ್ಟಿತು. ಹಿಂದಿನ ಬೆಂಚಿನಲ್ಲಿ ಆ ಹುಡುಗ ಕೂತು ಕೇಳುತ್ತಿದ್ದ. ಸಂಜೆ ಮನೆಗೆ ಹೋಗುವಾಗ ಗಾಡಿ ಹತ್ತಿರ ನಿಂತು ಮಂಡಕ್ಕಿ ತಿಂದೆ. ಮಂಡಕ್ಕಿಯಲ್ಲಿ ಯಾವ ಹೊಗೆ ವಾಸನೆಯೂ ಬರಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನು ಫ್ರೆಂಚ್ ಕ್ರಾಂತಿಯ ಕಾರಣಗಳ ಬಗ್ಗೆ ಮೂರು ಪುಟ ಬರೆದ. ಇಡೀ ಕ್ಲಾಸಿನಲ್ಲಿ ಅಂಥ ಉತ್ತರ ಇನ್ನೊಂದಿರಲಿಲ್ಲ. ನನ್ನ ತಲೆಗೆ ಮೊದಲು ಬಂದ ಪದ 'ಕಾಪಿ'. ಪೇಪರ್ ಕೊಡೋ ದಿನ ಅವನನ್ನು ಎಬ್ಬಿಸಿ ನಿಲ್ಲಿಸಿ, ಪುಸ್ತಕ ಮುಚ್ಚಿಸಿ, ಎಲ್ಲರ ಎದುರು ಅದೇ ಪ್ರಶ್ನೆ ಕೇಳಿದೆ. ಅವನು ನಿಧಾನಕ್ಕೆ ಎಲ್ಲ ಹೇಳಿದ. ಬ್ರೆಡ್ಡಿನ ಬೆಲೆ ಏರಿದ್ದು, ತೆರಿಗೆ ಕಟ್ಟೋರು ಯಾರು, ಕಟ್ಟದವರು ಯಾರು, ಪುಸ್ತಕದಲ್ಲಿ ಇಲ್ಲದ್ದೂ ಎರಡು ಮಾತು. ಆಮೇಲೆ ಕೂತ. ನಾನು 'ಗುಡ್' ಅಂದೆ. ಸಾರಿ ಅನ್ನಲಿಲ್ಲ. ಆ ಕಾಲದಲ್ಲಿ ಮೇಷ್ಟ್ರುಗಳು ಸಾರಿ ಕೇಳುತ್ತಿರಲಿಲ್ಲ ಅಂತ ಈಗ ನೆಪ ಹೇಳಬಹುದು. ಆದರೆ ಮುಂದಿನ ಬೆಂಚಿನ ಡಾಕ್ಟರ ಮಗ ಅದೇ ಮೂರು ಪುಟ ಬರೆದಿದ್ದರೆ ನಾನು ಅವನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದೆನಾ? ಇಲ್ಲ. ಅವನ ಪೇಪರ್ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದೆ.

ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದಾಗ ಇದು ತಲೆಯಲ್ಲಿ ಕೊರೆಯುತ್ತಿತ್ತು. ಅಲ್ಲಿ ಪತ್ರಿಕೆ ಮೇಲೆ ಹೆಸರು ಇರುವುದಿಲ್ಲ. ಹುಡುಗನೋ ಹುಡುಗಿಯೋ, ಯಾವ ಓಣಿಯ ಮಗುವೋ ಗೊತ್ತಾಗುವುದಿಲ್ಲ. ಉತ್ತರ ಇದೆ, ಅಂಕ ಇದೆ, ಅಷ್ಟೇ. ಸರ್ಕಾರಕ್ಕೆ ನಮ್ಮ ಮೇಲೆ ನಂಬಿಕೆ ಇಲ್ಲ ಅಂತ ಮೊದಲೆಲ್ಲ ಗೊಣಗುತ್ತಿದ್ದೆವು. ನಂಬದೇ ಇದ್ದದ್ದೇ ಒಳ್ಳೆಯದಾಯಿತು.

ಬಹಳ ವರ್ಷದ ಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. ರೀಮಾ ಹನ್ನಾ, ಲೀ ಲಿಂಡೆನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಭಾರತದ ಒಂದು ನಗರದಲ್ಲಿ ಮಾಡಿದ್ದು, 2012ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ ಪರೀಕ್ಷೆ ಕೊಟ್ಟು, ಪತ್ರಿಕೆಗಳ ಮೇಲಿನ ಪುಟದಲ್ಲಿ ಜಾತಿ, ವಯಸ್ಸು, ಹುಡುಗ-ಹುಡುಗಿ ಅನ್ನೋದನ್ನೆಲ್ಲ ಚೀಟಿ ಎತ್ತಿದ ಹಾಗೆ ಬದಲಿಸಿ ಬರೆದರು. ಮೇಷ್ಟ್ರುಗಳ ಕೈಲಿ ತಿದ್ದಿಸಿದರು. ಕೆಳಜಾತಿ ಅಂತ ಬರೆದ ಪತ್ರಿಕೆಗಳಿಗೆ ಅಂಕ ಸ್ವಲ್ಪ ಕಮ್ಮಿ ಬಂತು. ಸ್ವಲ್ಪವೇ, ದೊಡ್ಡ ಅಂತರ ಅಲ್ಲ. ಆದರೆ ಅದರಲ್ಲಿ ಎರಡು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು, ಈ ತಾರತಮ್ಯ ಜಾಸ್ತಿ ಕಂಡದ್ದು ತಿದ್ದೋಕೆ ಶುರು ಮಾಡಿದಾಗಿನ ಮೊದಲ ಪತ್ರಿಕೆಗಳಲ್ಲಿ. ಅಳತೆ ಇನ್ನೂ ಕೈಗೆ ಸಿಕ್ಕಿರುವುದಿಲ್ಲ, ಎಷ್ಟು ಕೊಡಬೇಕು ಅನ್ನೋ ಗೊಂದಲ. ಅಂಥ ಹೊತ್ತಲ್ಲಿ ಕಣ್ಣು ಜಾತಿಯ ಕಡೆ ಹೋಗುತ್ತದೆ. ಎರಡನೆಯದು ಇನ್ನೂ ಕಹಿ. ಕಮ್ಮಿ ಅಂಕ ಕೊಟ್ಟವರಲ್ಲಿ ಮುಖ್ಯವಾಗಿ ಇದ್ದದ್ದು ಕೆಳಜಾತಿಯ ಮೇಷ್ಟ್ರುಗಳೇ.

ಅಂಬೇಡ್ಕರ್ ಹೇಳಿದ ಶ್ರೇಣೀಕೃತ ಅಸಮಾನತೆ ಇದೇ ಅಲ್ವಾ? ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. ಪ್ರತಿ ಮೆಟ್ಟಿಲಿನವನಿಗೂ ತುಳಿಯೋಕೆ ಕೆಳಗೊಬ್ಬ ಸಿಗುತ್ತಾನೆ. 2019ರ ಸೆಪ್ಟೆಂಬರಿನಲ್ಲಿ ನಮ್ಮ ಪಕ್ಕದ ಚಿತ್ರದುರ್ಗದ ಆಗಿನ ಸಂಸದ ಎ. ನಾರಾಯಣಸ್ವಾಮಿಯವರು ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದರು. ದಲಿತರು ಅನ್ನೋ ಕಾರಣಕ್ಕೆ ಅವರನ್ನು ಹಟ್ಟಿಯೊಳಗೆ ಬಿಡಲಿಲ್ಲ. ಸಂಸದರು ಹೊರಗೆ ಕುರ್ಚಿ ಹಾಕಿಸಿಕೊಂಡು ಮಾತಾಡಿ ವಾಪಸ್ ಬಂದರು. ಲಕ್ಷಗಟ್ಟಲೆ ವೋಟು ಹಾಕಿ ದೆಹಲಿಯ ಸಂಸತ್ತಿನೊಳಗೆ ಕಳಿಸಿದ ಮನುಷ್ಯನಿಗೆ ಹಟ್ಟಿಯೊಳಗೆ ಜಾಗ ಇಲ್ಲ. ಪೇಪರಿನಲ್ಲಿ ಓದಿದಾಗ ಹಟ್ಟಿಯವರ ಮೇಲೆ ನನಗೂ ಸಿಟ್ಟು ಬಂತು. ಎಂಥ ಜನ ಅಂದುಕೊಂಡೆ. ಆಮೇಲೆ ಕಿಟಕಿ ನೆನಪಾಯಿತು. ಆ ಹಟ್ಟಿಯವರೂ ಬಡವರೇ. ಅವರನ್ನೂ ಕೀಳಾಗಿ ನೋಡೋ ಜನ ಇದೇ ಜಿಲ್ಲೆಗಳಲ್ಲಿ ಬೇಕಾದಷ್ಟಿದ್ದಾರೆ. ಹಟ್ಟಿಯವರನ್ನು ಬೈದು ಒಳ್ಳೆಯವನಾಗೋದು ಸುಲಭ, ನಮ್ಮ ಓಣಿಯ ಕಿಟಕಿ ಹತ್ತಿರ ಹೋಗಬೇಕಾಗಿಲ್ಲ.

ಅಂಕದ ವಿಷಯಕ್ಕೆ ನಾನು ಮಾಡಿದ್ದು ಒಂದು ಸಣ್ಣ ಕೆಲಸ. ಕ್ಲಾಸ್ ಟೆಸ್ಟಿನಲ್ಲಿ ಮಕ್ಕಳಿಗೆ, ಹೆಸರನ್ನು ಮೊದಲ ಪುಟದ ತಲೆಯಲ್ಲಿ ಬರೆಯಬೇಡಿ, ಕೊನೆ ಪುಟದ ಹಿಂದೆ ಬರೆಯಿರಿ ಅಂದೆ. ಅಕ್ಷರ ನೋಡಿದರೆ ಯಾರದು ಅಂತ ಗೊತ್ತಾಗುತ್ತದೆ ಸಾರ್ ಅಂತೀರಿ. ಕೆಲವರದು ಗೊತ್ತಾಗುತ್ತದೆ, ಐವತ್ತು ಮಕ್ಕಳಲ್ಲಿ ಎಲ್ಲರದೂ ಗೊತ್ತಾಗುವುದಿಲ್ಲ. ಮೊದಲ ಸಲ ತಿದ್ದಿ ಮುಗಿಸಿ ಕೊನೆ ಪುಟ ತಿರುಗಿಸುತ್ತಾ ಹೋದಾಗ ಮೂರು ನಾಲ್ಕು ಕಡೆ 'ಅರೆ, ಇವನಾ?' ಅಂತ ಬಾಯಿಂದ ಬಂತು. ಆ 'ಅರೆ' ಇದೆಯಲ್ಲ, ಪೂರ್ವಗ್ರಹ ಅಂದರೆ ಅದೇ. ನಿಮ್ಮೊಳಗೆ ಅದು ಇದೆಯೋ ಇಲ್ಲವೋ ಅಂತ ಕಣ್ಣು ಮುಚ್ಚಿ ಧ್ಯಾನ ಮಾಡಿ ನೋಡಿದರೆ ಸಿಗುವುದಿಲ್ಲ. ಹೆಸರು ಮುಚ್ಚಿ ತಿದ್ದಿ, ಎಷ್ಟು ಸಲ 'ಅರೆ' ಬಂತು ಅಂತ ಎಣಿಸಿ.

ಇನ್ನು ಸ್ಕಾಲರ್‌ಶಿಪ್. ನೀವೂ ನೋಡಿರುತ್ತೀರಿ. ಪಾಠ ನಡೆಯುತ್ತಿರುತ್ತದೆ, ಆಫೀಸಿನಿಂದ ಒಂದು ಚೀಟಿ ಬರುತ್ತದೆ. ಮೇಷ್ಟ್ರು ಓದುತ್ತಾರೆ: 'ಎಸ್‌ಸಿ, ಎಸ್‌ಟಿ ಹುಡುಗರು ಎದ್ದು ನಿಲ್ಲಿ. ಜಾತಿ ಸರ್ಟಿಫಿಕೇಟ್ ತಂದಿದ್ದೀರಾ?' ಹತ್ತು ಮಕ್ಕಳು ಎದ್ದು ನಿಲ್ಲುತ್ತಾರೆ. ನಲವತ್ತು ಮಕ್ಕಳು ತಿರುಗಿ ನೋಡುತ್ತಾರೆ. ನಿಂತವರಲ್ಲಿ ಒಬ್ಬ ನೆಲ ನೋಡುತ್ತಿರುತ್ತಾನೆ. ಒಂದೇ ನಿಮಿಷದ ಕೆಲಸ, ಮತ್ತೆ ಪಾಠ ಶುರು. ಕೊಡೋದು ಮಗುವಿನ ಹಕ್ಕಿನ ದುಡ್ಡು. ಕೊಡೋ ರೀತಿ ಮಾತ್ರ ಭಿಕ್ಷೆ ಹಾಕಿದ ಹಾಗೆ. ವರ್ಷಗಟ್ಟಲೆ ನಾನೂ ಹೀಗೇ ಕೂಗಿದ್ದೇನೆ.

ಆ ಒಂದು ನಿಮಿಷದಲ್ಲಿ ಏನಾಗುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅಂತ. ಉತ್ತರ ಪ್ರದೇಶದ ಹಳ್ಳಿಯಲ್ಲಿ ಆರು-ಏಳನೇ ಕ್ಲಾಸಿನ ಹುಡುಗರನ್ನು ಕೂರಿಸಿ, ದಾರಿ ಹುಡುಕೋ ಚಿತ್ರದ ಒಗಟು ಬಿಡಿಸೋಕೆ ಕೊಟ್ಟರು. ಪತ್ರಿಕೆಗಳ ಮಕ್ಕಳ ಪುರವಣಿಯಲ್ಲಿ ಬರುತ್ತಲ್ಲ, ಮೊಲವನ್ನು ಕ್ಯಾರೆಟ್ ಹತ್ತಿರ ಕರೆದುಕೊಂಡು ಹೋಗಿ ಅಂತ, ಅಂಥದ್ದು. ಎಷ್ಟು ಬಿಡಿಸಿದರೆ ಅಷ್ಟು ದುಡ್ಡು. ಯಾರ ಜಾತಿಯನ್ನೂ ಹೇಳದೆ ಕೂರಿಸಿದಾಗ ಮೇಲ್ಜಾತಿ, ಕೆಳಜಾತಿ ಹುಡುಗರು ಸರಿಸಮ ಬಿಡಿಸಿದರು. ಇನ್ನೊಂದಿಷ್ಟು ಹುಡುಗರನ್ನು ಕೂರಿಸಿ, ಶುರು ಮಾಡೋಕೆ ಮುಂಚೆ ಒಬ್ಬೊಬ್ಬರ ಹೆಸರು, ಅಪ್ಪನ ಹೆಸರು, ಜಾತಿಯನ್ನು ಗಟ್ಟಿಯಾಗಿ ಓದಿದರು. ಅಷ್ಟೇ ಮಾಡಿದ್ದು. ಕೆಳಜಾತಿ ಹುಡುಗರು ಹಿಂದೆ ಬಿದ್ದರು. ಅದೇ ಒಗಟು, ಅಂಥವೇ ಹುಡುಗರು.

ಅದನ್ನು ಓದಿದ ದಿನ ನನ್ನ ಕಿವಿಗೆ ಕೇಳಿಸಿದ್ದು ನನ್ನದೇ ದನಿ. 'ಎಸ್‌ಸಿ, ಎಸ್‌ಟಿ ಹುಡುಗರು ಎದ್ದು ನಿಲ್ಲಿ.' ಹಾಗೆ ನಿಲ್ಲಿಸಿ, ಕೂರಿಸಿ, ತಕ್ಷಣ ಟೆಸ್ಟ್ ಕೊಟ್ಟ ದಿನಗಳೂ ಇದ್ದವು. ಆಮೇಲೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ, 'ಈ ಮಕ್ಕಳಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲ್ಲ' ಅನ್ನುತ್ತಿದ್ದೆವು.

ಇದಕ್ಕೆ ದೊಡ್ಡ ಉಪಾಯವೇನೂ ಬೇಡ. ಚೀಟಿ ಬಂದರೆ ಜೇಬಿಗೆ ಹಾಕಿಕೊಳ್ಳಿ. ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಕರೆದು ಹೇಳಿ. ಮೂಗು ಮುಚ್ಚೋ ಮಕ್ಕಳಿದ್ದರೆ ವಾರಕ್ಕೊಮ್ಮೆ ಎಲ್ಲರ ಜಾಗ ಬದಲಿಸಿ, ಸರದಿ ಪ್ರಕಾರ. ಯಾರನ್ನೂ ಉದ್ಧಾರ ಮಾಡೋ ಮುಖ ಮಾಡಿಕೊಂಡು ಬದಲಿಸಬೇಡಿ. ಆ ಮುಖ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.

ಪಕ್ಕ ಪಕ್ಕ ಕೂರಿಸಿದರೆ ಸಾಕಾ? ಅಲ್ಲೊಂದು ತಿರುವಿದೆ. ಮ್ಯಾಟ್ ಲೋ ಅನ್ನೋ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಲೀಗ್ ನಡೆಸಿದರು. 1,261 ಯುವಕರು. ಯಾರು ಯಾವ ತಂಡ ಅನ್ನೋದೆಲ್ಲ ಚೀಟಿ ಎತ್ತಿದ ಹಾಗೆ. ಕೆಲವು ತಂಡಗಳು ಒಂದೇ ಜಾತಿಯವು, ಕೆಲವು ಬೆರಕೆ. ಲೀಗ್ ಮುಗಿದ ಮೇಲೆ ನೋಡಿದರೆ, ಒಂದೇ ತಂಡದಲ್ಲಿ ಬೇರೆ ಜಾತಿಯವರ ಜತೆ ಆಡಿದವರಿಗೆ ಆ ಕಡೆಯ ಗೆಳೆಯರು ಜಾಸ್ತಿಯಾಗಿದ್ದರು. ಬೇರೆ ಜಾತಿಯವರನ್ನು ಎದುರಾಳಿಗಳಾಗಿ ಜಾಸ್ತಿ ಕಂಡವರಿಗೆ ಅಂಥ ಗೆಳೆತನ ಕಮ್ಮಿಯಾಗಿತ್ತು. ಅದೇ ಮೈದಾನ, ಅದೇ ಬಿಸಿಲು. ಜತೆಗಿದ್ದರೆ ಸಾಲದು, ಒಂದೇ ಸ್ಕೋರಿಗೆ ಓಡಬೇಕು. ನಮ್ಮಲ್ಲಿ ಅಲ್ಲಲ್ಲಿ ಜಾತಿಗೊಂದು ಕಪ್, ಜಾತಿಗೊಂದು ಟೂರ್ನಮೆಂಟ್ ಶುರುವಾಗಿದೆ. ನೋಡಿದಾಗೆಲ್ಲ ಈ ಅಧ್ಯಯನ ನೆನಪಾಗುತ್ತದೆ.

ದೆಹಲಿಯಲ್ಲೂ ಹೀಗೇ ಒಂದನ್ನು ನೋಡಿದ್ದಾರೆ. 2007ರಿಂದ ಅಲ್ಲಿನ ಖಾಸಗಿ ಶಾಲೆಗಳು ಬಡಮಕ್ಕಳಿಗೆ ಸೀಟು ಕೊಡಬೇಕಾಯಿತು. ಆ ಮಕ್ಕಳ ಜತೆ ಓದಿದ ಶ್ರೀಮಂತ ಮಕ್ಕಳು ರಿಲೇ ಓಟಕ್ಕೆ ಜತೆಗಾರನನ್ನು ಆರಿಸುವಾಗ ಬಡವ ಅಂತ ಹಿಂಜರಿಯೋದು ಕಮ್ಮಿಯಾಯಿತು. ನಮ್ಮ ರಾಜ್ಯದಲ್ಲಿ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳು ಬಡಮಕ್ಕಳಿಗೆ ಕೊಡೋ ಸೀಟಿನ ನಿಯಮವನ್ನು 2019ರಲ್ಲಿ ಬದಲಿಸಿದರು. ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಯ ಆ ಸೀಟು ಇಲ್ಲ. ಸರ್ಕಾರಿ ಶಾಲೆ ಉಳಿಯಬೇಕು ಅನ್ನೋ ವಾದದಲ್ಲಿ ಹುರುಳಿದೆ, ನಾನೂ ಸರ್ಕಾರಿ ಶಾಲೆ ಪರವೇ. ಆದರೆ ಡಾಕ್ಟರ ಮಗನೂ ಭಟ್ಟಿಯ ಮಗನೂ ಒಂದೇ ಬೆಂಚಿನಲ್ಲಿ ಕೂರೋ ಇನ್ನೊಂದು ದಾರಿ ಮುಚ್ಚಿತಲ್ಲ, ಅದು ಹೊಟ್ಟೆ ಉರಿಸುತ್ತದೆ.

ಅಪ್ಪ ಮತ್ತು ಮಿಲ್ ದೊಡ್ಡಪ್ಪ ಒಂದೇ ತಂಡದವರಾಗಿದ್ದರು. ಒಂದೇ ಯೂನಿಯನ್, ಒಂದೇ ಬೋನಸ್, ಒಂದೇ ಧೂಳು. ಮಿಲ್ಲು ಅವರನ್ನು ಗೇಟಿನ ತನಕ ಕರೆದುಕೊಂಡು ಬಂತು. ಅಲ್ಲಿಂದ ನಮ್ಮ ಬಾಗಿಲ ತನಕ ಕರೆದುಕೊಂಡು ಬರೋ ಕೆಲಸ ಮನೆಯವರದ್ದಾಗಿತ್ತು. ಈಗ ಮಿಲ್ಲುಗಳೂ ಇಲ್ಲ.

ನನ್ನ ಮಾತು ಇಷ್ಟೇ ಅಂತ ಕೂತೆ. ಪ್ರಶ್ನೆ ಕೇಳಿ ಅಂದಾಗ ಒಂದೆರಡು ನಿಮಿಷ ಯಾರೂ ಏಳಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ಕೇಳಿದಳು: 'ಸಾರ್, ಆ ಮಿಲ್ ದೊಡ್ಡಪ್ಪ ಆಮೇಲೆ ಯಾವತ್ತಾದ್ರೂ ನಿಮ್ಮ ಮನೆ ಒಳಗೆ ಬಂದ್ರಾ?'

ಇದನ್ನು ಹೇಳಬೇಕು ಅಂದುಕೊಂಡಿರಲಿಲ್ಲ. ಕೇಳಿದ ಮೇಲೆ ಹೇಳಿದೆ.

ಅಪ್ಪ ಹೋಗಿ ಎರಡು ತಿಂಗಳಾಗಿತ್ತು. ಒಂದು ಭಾನುವಾರ ನಾನೇ ಅವರ ಕೇರಿಗೆ ಹೋದೆ. ಸೀದಾ ಒಳಗೆ ಹೋಗಿ ಕೂತೆ. ದೊಡ್ಡವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದರು. 'ದೊಡ್ಡವ್ವ, ನನಗೂ ಒಂದು ರೊಟ್ಟಿ ಹಾಕು' ಅಂದೆ. ಏನೋ ದೊಡ್ಡ ಸಾಹಸ ಮಾಡಿದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ರೊಟ್ಟಿ ತಿರುವಿ ಹಾಕಿ, ನನ್ನ ಮುಖ ನೋಡಿದರು.

'ನಿಮ್ಮವ್ವಗೆ ಹೇಳಿ ಬಂದೀಯೇನು?'

'ಇಲ್ಲ' ಅಂದೆ.

'ಕದ್ದು ಉಣ್ಣೋರಿಗೆ ನಾನು ನೀಡಲ್ಲಪ್ಪ. ಹೋಗು, ಹೇಳಿ ಬಾ. ಹೇಳಿ ಬಂದ ದಿನ ಬಿಸಿ ರೊಟ್ಟಿ ಹಾಕ್ತೀನಿ.'

ದೊಡ್ಡಪ್ಪ ಬಾಗಿಲಲ್ಲಿ ಬೀಡಿ ಸೇದುತ್ತಾ ಸುಮ್ನೆ ಕೂತಿದ್ದರು. ನಾನು ಎದ್ದು ಬಂದೆ. ಅವರ ಮನೆಯಿಂದ ನಮ್ಮ ಮನೆಗೆ ಸೈಕಲ್ಲಿನಲ್ಲಿ ಹತ್ತು ನಿಮಿಷ. ಅವ್ವನಿಗೆ ಹೇಳೋಕೆ ಎಂಟು ದಿನ ಬೇಕಾಯಿತು.